ನಾಸ್ತಿಕನೆಂಬ ಹೆಸರು

ಮತವನ್ನು ಒಪ್ಪದವರೂ ತಮಗೊಂದು ಹೆಸರನ್ನು ಅರಸುವರು. ಇಂಗ್ಲೆಂಡಿನಲ್ಲಿ ನಾಸ್ತಿಕನೆಂದರೆ ನೀತಿಗೆಟ್ಟವನೆಂಬ ಅಪವಾದವಿದ್ದುದರಿಂದ, ಹೋಲಿಯೋಕ್ ಎಂಬವರು ೧೮೫೧ರಲ್ಲಿ ‘ಸೆಕ್ಯುಲರಿಸಂ’ ಎಂಬ ಪದವನ್ನು ರೂಪಿಸಿದರು. ತಿಳಿಯದುದನ್ನು ತಿಳಿದೆನೆನ್ನಲೊಲ್ಲದ ವಿಜ್ಞಾನಿ ಹಕ್ಸ್‌ಲಿ ೧೮೬೯ರಲ್ಲಿ ತಮ್ಮನ್ನು ‘ಅಗ್ನಾಸ್ಟಿಕ್’, ಅಂದರೆ ಅಜ್ಞೇಯವಾದಿ, ಎಂದು ಕರೆದುಕೊಂಡರು.

ಹೆಸರಿನ ಈ ಸಂಕಟವು ನಮಗೆ ಹೊಸತಲ್ಲ. ವೇದಪ್ರಾಮಾಣ್ಯವನ್ನು ಒಪ್ಪದ ಜೈನರನ್ನು ಅನ್ಯರು ನಾಸ್ತಿಕರೆಂದರು. ಸೃಷ್ಟಿಕರ್ತನನ್ನು ನಾವು ಒಪ್ಪೆವು. ಜೀವ, ಕರ್ಮ, ಮೋಕ್ಷಗಳನ್ನೋ ದೃಢವಾಗಿ ನಂಬಿದ್ದೇವೆ. ಅನ್ಯರಿತ್ತ ಹೆಸರು ನಮ್ಮ ಶ್ರದ್ಧೆಯನ್ನು ತಿಳಿಸಲಿಲ್ಲ.

ಆದುದರಿಂದ ಚತುರ್ದಶಿಯ ಉಪವಾಸವನ್ನು ಬಿಟ್ಟ ಮಗನು ‘ನಾನು ನಾಸ್ತಿಕ’ನೆಂದರೆ ಕೋಪಿಸದಿರಿ. ಏನನ್ನು ಅಲ್ಲಗಳೆಯುತ್ತೀಯೆ, ಏನನ್ನು ಪಾಲಿಸುತ್ತೀಯೆ ಎಂದು ಕೇಳಿರಿ. ಅಹಿಂಸೆ, ಸತ್ಯಗಳು ಅವನಲ್ಲಿ ಉಳಿದಿದ್ದರೆ ಮಾತಿಗೆ ದಾರಿಯುಂಟು. ಒಂದು ಹೆಸರಿಗಾಗಿ ಮಗನನ್ನೇ ದೂರಮಾಡುವುದು ಅನೇಕಾಂತವನ್ನರಿತವರಿಗೆ ತಕ್ಕುದಲ್ಲ.