ನನ್ನ ಸೊತ್ತು, ನನ್ನಿಷ್ಟ?



ನಮ್ಮ ಮನೆಗಳಲ್ಲಿ ಆಸ್ತಿಯ ಮಾತು ಬಂದಾಗಲೆಲ್ಲ ಒಂದು ವಾಕ್ಯ ಕೇಳಿಬರುತ್ತದೆ: “ನಾನು ದುಡಿದದ್ದು, ಯಾರಿಗೆ ಬೇಕಾದರೂ ಕೊಡುತ್ತೇನೆ, ಕೇಳಲು ನೀವು ಯಾರು?” ಹೇಳುವವರು ಅಕ್ಷರ ಕಲಿಯದ ಹಿರಿಯರಿರಬಹುದು. ಆದರೆ ಈ ವಾಕ್ಯದ ಹಿಂದೆ ಪಾಶ್ಚಾತ್ಯ ಚಿಂತಕರು ದಪ್ಪ ದಪ್ಪ ಗ್ರಂಥಗಳಲ್ಲಿ ಕಟ್ಟಿದ ಒಂದು ನೀತಿಶಾಸ್ತ್ರವೇ ಇದೆ. ಲಿಬರ್ಟೇರಿಯನ್ ಚಿಂತನೆ ಎಂದು ಅದಕ್ಕೆ ಹೆಸರು. ವ್ಯಕ್ತಿಸ್ವಾತಂತ್ರ್ಯವಾದ ಎಂದು ಕನ್ನಡದಲ್ಲಿ ಕರೆಯಬಹುದು. ಹದಿನೇಳನೆಯ ಶತಮಾನದ ಜಾನ್ ಲಾಕ್ ಅದರ ಅಡಿಗಲ್ಲು ಹಾಕಿದವನು. 1974ರಲ್ಲಿ ಅಮೆರಿಕದ ರಾಬರ್ಟ್ ನೋಝಿಕ್ ಅದಕ್ಕೆ ಹೊಸ ರೂಪ ಕೊಟ್ಟನು. ಅದರ ಸಾರ ಇಷ್ಟೇ: ಮನುಷ್ಯನ ದೇಹ ಅವನದೇ ಸೊತ್ತು, ಆದ್ದರಿಂದ ಅವನ ದುಡಿಮೆಯೂ ಅದರ ಫಲವೂ ಅವನದೇ. ಇನ್ನೊಬ್ಬರ ಮೇಲೆ ಬಲಪ್ರಯೋಗ ಮಾಡದೆ, ಮೋಸ ಮಾಡದೆ ಅವನು ಏನು ಮಾಡಿದರೂ ತಡೆಯುವ ಹಕ್ಕು ಯಾರಿಗೂ ಇಲ್ಲ. ಒಪ್ಪಿಗೆ ಇದ್ದಲ್ಲಿ ಅನ್ಯಾಯವಿಲ್ಲ.

ಈ ಚಿಂತನೆಯನ್ನು ಕೇಳಿದೊಡನೆ ಧರ್ಮವಿರೋಧಿ ಎಂದು ಬದಿಗೆ ಸರಿಸುವವರಿದ್ದಾರೆ. ಅದು ಸರಿಯಲ್ಲ. ಮದುಮಗಳ ಸಮ್ಮತಿಯಿಲ್ಲದೆ ನಿಕಾಹ್ ಮಾಡಬಾರದು, ಪತ್ನಿಯ ಹಣ ಪತಿಯದಲ್ಲ, ಇನ್ನೊಬ್ಬನ ಮನೆಯೊಳಗೆ ಅನುಮತಿಯಿಲ್ಲದೆ ಕಾಲಿಡಬಾರದು ಎಂದು ಕಲಿತ ನಮಗೆ ಈ ಮಾತುಗಳು ಅಪರಿಚಿತವಲ್ಲ. ಆದರೆ ಸಭೆಗಳಲ್ಲಿ ಇದನ್ನೆಲ್ಲ ಹೆಮ್ಮೆಯಿಂದ ಹೇಳುವ ನಾವು, ಅರಸೀಕೆರೆಯಿಂದ ಬೇಲೂರಿನವರೆಗೆ ಎಷ್ಟು ಸಹೋದರಿಯರ ಹೆಸರಿನಲ್ಲಿ ಪಹಣಿ ಇದೆಯೆಂದು ಕೇಳಿದರೆ ಮೌನವಾಗುತ್ತೇವೆ. ಹಾಗಾಗಿ ಈ ತತ್ವವನ್ನು ತಳ್ಳಿಹಾಕುವ ಮೊದಲು ಅದನ್ನು ಮನೆಯೊಳಗೆ ಕರೆತಂದು, ಎಲ್ಲಿಯವರೆಗೆ ನಮ್ಮೊಂದಿಗೆ ನಡೆಯುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂದು ನೋಡುವುದೇ ಲೇಸು.

ಮೊದಲಿಗೆ ಮಗುವಿನ ವಿಷಯ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಈ ಪಂಥದ ಮರ‍್ರೇ ರಾತ್‌ಬಾರ್ಡ್ 1982ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತತ್ವವನ್ನು ಕೊನೆಯವರೆಗೂ ಎಳೆದು ಒಂದು ತೀರ್ಮಾನಕ್ಕೆ ಬಂದನು: ಹೆತ್ತವರು ಮಗುವನ್ನು ಹೊಡೆಯುವಂತಿಲ್ಲ, ಕೊಲ್ಲುವಂತಿಲ್ಲ, ಆದರೆ ಅದಕ್ಕೆ ಉಣಿಸಲೇಬೇಕೆಂದು ಕಾನೂನು ಅವರನ್ನು ಒತ್ತಾಯಿಸುವಂತಿಲ್ಲ. ನೈತಿಕ ಕರ್ತವ್ಯ ಇದ್ದೀತು, ಅದು ಬೇರೆ ಮಾತು ಎಂದು ಅವನ ವಾದ. ಸ್ವಾತಂತ್ರ್ಯದ ಬಗ್ಗೆ 1859ರಲ್ಲಿಯೇ ಬರೆದ ಜಾನ್ ಸ್ಟುವರ್ಟ್ ಮಿಲ್ ಹೀಗೆ ಹೇಳಲಿಲ್ಲ. ಸಾಕಿ ಓದಿಸುವ ಸಾಮರ್ಥ್ಯವಿಲ್ಲದೆ ಮಗುವನ್ನು ಹುಟ್ಟಿಸುವುದು ಆ ಮಗುವಿಗೂ ಸಮಾಜಕ್ಕೂ ಬಗೆದ ನೈತಿಕ ಅಪರಾಧವೆಂದೇ ಅವನು ಭಾವಿಸಿದ್ದನು. ತೊಟ್ಟಿಲಲ್ಲಿರುವ ಮಗು ಯಾವ ಕರಾರಿಗೂ ಸಹಿ ಹಾಕಿಲ್ಲ, ಹುಟ್ಟುವುದಕ್ಕೂ ಒಪ್ಪಿಗೆ ಕೊಟ್ಟಿಲ್ಲ. ಕರಾರಿನಿಂದಲೇ ಎಲ್ಲ ಬಾಧ್ಯತೆಯೂ ಹುಟ್ಟುತ್ತದೆ ಎನ್ನುವವರಿಗೆ ತೊಟ್ಟಿಲ ಮುಂದೆ ಮಾತು ಮುಗಿಯುತ್ತದೆ. ಕುರ್‌ಆನ್ ಎರಡು ವರ್ಷದ ಮೊಲೆಹಾಲಿನ ವಿಷಯ ಹೇಳುವಲ್ಲಿ ತಂದೆ ತಾಯಿ ಪರಸ್ಪರ ಸಮಾಲೋಚಿಸಿ, ಸಮ್ಮತಿಯಿಂದ ಹಾಲು ಬಿಡಿಸಬಹುದೆಂದು ಅನುಮತಿಸುತ್ತದೆ. ಅಲ್ಲಿಯೂ ಒಪ್ಪಿಗೆಗೆ ಸ್ಥಾನವಿದೆ. ಆದರೆ ಅದು ಕರ್ತವ್ಯದ ಅಂಗಳದೊಳಗೆ ನಡೆಯುವ ಒಪ್ಪಿಗೆ.

ಈಗ ತೆಂಗಿನ ತೋಟಕ್ಕೆ ಬರೋಣ. ಅರಸೀಕೆರೆ ಸೀಮೆಯಲ್ಲಿ ಆಸ್ತಿಯೆಂದರೆ ಮೊದಲು ನೆನಪಾಗುವುದು ಅದೇ. ಒಬ್ಬ ತಂದೆಗೆ ಎಂಟು ಎಕರೆ ತೋಟ, ಪತ್ನಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆಂದು ಇಟ್ಟುಕೊಳ್ಳಿ. ಅವನು ಹಾಗೆಯೇ ತೀರಿಹೋದರೆ ಶರೀಅತ್ತಿನ ಲೆಕ್ಕದಲ್ಲಿ ಪತ್ನಿಗೆ ಎಂಟನೆಯ ಒಂದು ಭಾಗ ಅಂದರೆ 1 ಎಕರೆ, ಗಂಡುಮಕ್ಕಳಿಗೆ ತಲಾ 2 ಎಕರೆ 32 ಗುಂಟೆ, ಮಗಳಿಗೆ 1 ಎಕರೆ 16 ಗುಂಟೆ. ಆದರೆ ಅವನು ಬದುಕಿರುವಾಗಲೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಎಂಟು ಎಕರೆಯನ್ನೂ ಇಬ್ಬರು ಗಂಡುಮಕ್ಕಳಿಗೆ ದಾನಪತ್ರ ಮಾಡಿಬಿಡುತ್ತಾನೆ. ಮಗಳ ಮದುವೆಗೆ ಖರ್ಚಾಗಿದೆಯಲ್ಲ ಎಂಬುದು ಅವನ ಸಮಜಾಯಿಷಿ. ಇಲ್ಲಿ ಬಲಪ್ರಯೋಗವಿಲ್ಲ, ಮೋಸವಿಲ್ಲ. ನೋಝಿಕ್‌ನ ಪ್ರಕಾರ ಇದರಲ್ಲಿ ತಪ್ಪಿಲ್ಲ. ನಮ್ಮ ನ್ಯಾಯಾಲಯಗಳಲ್ಲಿಯೂ ಹಿಬಾ ಸಿಂಧುವೇ: ಕೊಡುವವನ ಘೋಷಣೆ, ಪಡೆಯುವವನ ಸ್ವೀಕಾರ, ಸ್ವಾಧೀನದ ಹಸ್ತಾಂತರ, ಈ ಮೂರಿದ್ದರೆ ಸಾಕು. ಉಯಿಲಿಗೆ ಮೂರನೆಯ ಒಂದು ಭಾಗದ ಮಿತಿ ಇದೆ. ಆರೋಗ್ಯವಂತನು ಬದುಕಿರುವಾಗ ಕೊಡುವ ಹಿಬಾಕ್ಕೆ ಆ ಮಿತಿ ಇಲ್ಲ.

ಹಾಗಾದರೆ ತಪ್ಪೇನು? ಬಶೀರ್ ಬಿನ್ ಸಅ್‌ದ್(ರ)ರು ತಮ್ಮ ಮಗ ನುಅ್‌ಮಾನ್‌ಗೆ ಒಂದು ಕೊಡುಗೆ ಕೊಟ್ಟರು. ಇದಕ್ಕೆ ಪ್ರವಾದಿ(ಸ)ಯವರು ಸಾಕ್ಷಿಯಾಗಬೇಕು ಎಂದು ಮಗುವಿನ ತಾಯಿ ಪಟ್ಟು ಹಿಡಿದರು. ಬಶೀರ್ ಬಂದು ಕೇಳಿದಾಗ ಪ್ರವಾದಿ(ಸ)ಯವರು, ನಿನ್ನ ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀಯಾ ಎಂದು ವಿಚಾರಿಸಿದರು. ಇಲ್ಲವೆಂದಾಗ ಸಾಕ್ಷಿಯಾಗಲು ನಿರಾಕರಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲಿಯೂ ಈ ಘಟನೆ ಇದೆ. ಮಕ್ಕಳ ನಡುವೆ ಸಮಾನತೆ ಕಡ್ಡಾಯವೆಂದು ಇಮಾಮ್ ಅಹ್ಮದ್‌ರ ಅನುಯಾಯಿಗಳು ಇದರಿಂದ ತೀರ್ಮಾನಿಸಿದರು. ಹನಫಿ, ಶಾಫಿಈ ಮತ್ತು ಮಾಲಿಕಿ ಪಂಡಿತರಲ್ಲಿ ಹೆಚ್ಚಿನವರು, ಕಾರಣವಿಲ್ಲದೆ ತಾರತಮ್ಯ ಮಾಡುವುದು ಅಪ್ರಿಯ, ಆದರೆ ಕೊಟ್ಟ ಕೊಡುಗೆ ಸಿಂಧು ಎಂದರು. ಈ ಎರಡನೆಯ ಅಭಿಪ್ರಾಯವನ್ನು ಹಿಡಿದುಕೊಂಡು ಕೆಲವರು ನೆಮ್ಮದಿಯಿಂದಿದ್ದಾರೆ. ಸಿಂಧು ಎಂಬ ಶಬ್ದ ಅವರಿಗೆ ಕೇಳಿಸುತ್ತದೆ, ಅಪ್ರಿಯ ಎಂಬುದು ಕೇಳಿಸುವುದಿಲ್ಲ. ನನ್ನನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ ಎನ್ನುವುದು ಬೇರೆ, ನಾನು ಮಾಡಿದ್ದು ಸರಿ ಎನ್ನುವುದು ಬೇರೆ. ವ್ಯಕ್ತಿಸ್ವಾತಂತ್ರ್ಯವಾದಿಗಳಲ್ಲಿ ಪ್ರಾಮಾಣಿಕರು ಈ ವ್ಯತ್ಯಾಸವನ್ನು ಒಪ್ಪುತ್ತಾರೆ. ಮರೆಯುವವರು ನಾವು.

ಇನ್ನೂ ಒಂದು ಮಾತು. ಆ ಸಿದ್ಧಾಂತವನ್ನು ಅದರ ಸ್ವಂತ ಅಳತೆಗೋಲಿನಿಂದಲೇ ಅಳೆಯೋಣ. ದುಡಿಮೆ ಬೆರೆಸಿದವನಿಗೆ ಸೊತ್ತು ಎಂದು ಲಾಕ್ ಹೇಳುತ್ತಾನೆ. ಈ ತೋಟಕ್ಕೆ ಯಾರ ದುಡಿಮೆ ಬೆರೆತಿದೆ? ಸಸಿ ನೆಟ್ಟ ಮೇಲೆ ನಮ್ಮ ಎತ್ತರದ ತಳಿಯ ತೆಂಗು ಫಲ ಕೊಡಲು ಆರೇಳು ವರ್ಷ ಬೇಕು. ಅಷ್ಟೂ ದಿನ ಬಿಂದಿಗೆಯಲ್ಲಿ ನೀರು ಹೊತ್ತವರು ಯಾರು? ಉಂಡೆ ಕೊಬ್ಬರಿಗೆ ಬಲಿತ ಕಾಯನ್ನು ಅಟ್ಟದಲ್ಲಿ ಹತ್ತು ಹನ್ನೆರಡು ತಿಂಗಳು ಇಡಬೇಕು. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟು ಗಡಗಡ ಅಲುಗಾಡುವವರೆಗೆ ಕಾಯಬೇಕು. ಆಮೇಲೆ ಸುಲಿಯಬೇಕು, ಚಿಪ್ಪು ಒಡೆಯಬೇಕು, ಹಸನು ಮಾಡಿ ಮಂಡಿಗೆ ಕಳಿಸಬೇಕು. ಮನೆಯ ಹೆಂಗಸರ ಕೈ ಬೀಳದ ಉಂಡೆ ಅರಸೀಕೆರೆ ಮಾರುಕಟ್ಟೆಗೆ ಎಷ್ಟು ಬಂದಿದ್ದೀತು? ಕೂಲಿಯಿಲ್ಲದೆ ದುಡಿದ ಪತ್ನಿಯನ್ನೂ ಮಗಳನ್ನೂ ಲೆಕ್ಕದಿಂದ ಬಿಟ್ಟು, ಪಹಣಿಯಲ್ಲಿ ಒಂದೇ ಹೆಸರಿದೆ ಎಂಬ ಕಾರಣಕ್ಕೆ ‘ನಾನು ದುಡಿದದ್ದು’ ಎನ್ನುವುದು ಲಾಕ್‌ನ ಲೆಕ್ಕದಲ್ಲಿಯೂ ನಿಲ್ಲುವುದಿಲ್ಲ. ಸೂಸನ್ ಮೋಲರ್ ಓಕಿನ್ ಎಂಬ ಚಿಂತಕಿ 1989ರಲ್ಲಿ ನೋಝಿಕ್‌ನನ್ನು ಇದೇ ದಾರಿಯಲ್ಲಿ ಇನ್ನೂ ಮುಂದಕ್ಕೆ ಕೊಂಡೊಯ್ದು ಪ್ರಶ್ನಿಸಿದ್ದರು: ದುಡಿದು ಉತ್ಪಾದಿಸಿದವರಿಗೇ ಫಲ ಎನ್ನುವುದಾದರೆ ಮನುಷ್ಯರೆಲ್ಲರೂ ಹೆತ್ತ ತಾಯಂದಿರ ಸೊತ್ತಾಗಬೇಕಲ್ಲವೇ?

ತಂದೆ ದಾನಪತ್ರ ಮಾಡದೆ ತೀರಿಹೋದರೆ ಇನ್ನೊಂದು ದಾರಿ ಸಿದ್ಧವಿರುತ್ತದೆ. ಅದು ಹಕ್ಕು ಖುಲಾಸೆ ಪತ್ರ. ನಲವತ್ತನೆಯ ದಿನ ಕಳೆಯುವ ಮೊದಲೇ ಆಪಾರನ್ನು ಕರೆಸಲಾಗುತ್ತದೆ. ಭಾಯಿ ಒಳ್ಳೆಯವರೇ. ಯಾರೂ ಗದರಿಸುವುದಿಲ್ಲ. “ನಿಮ್ಮ ಪಾಲು ಬೇಕಿದ್ದರೆ ತೆಗೆದುಕೊಳ್ಳಿ ಆಪಾ, ಆದರೆ ಆಮೇಲೆ...” ಎಂದು ಮಾತು ಅರ್ಧಕ್ಕೆ ನಿಲ್ಲುತ್ತದೆ. ಆ ಅರ್ಧದಲ್ಲಿ ತವರಿನ ಬಾಗಿಲು, ಈದಿನ ಸೀರೆ, ನಾಳೆ ಗಂಡ ತೀರಿಕೊಂಡರೆ ಹೋಗಿ ನಿಲ್ಲುವ ಜಾಗ ಎಲ್ಲವೂ ಇದೆ. ಆಪಾ ಸಹಿ ಹಾಕುತ್ತಾರೆ. ವ್ಯಕ್ತಿಸ್ವಾತಂತ್ರ್ಯವಾದಿಯನ್ನು ಕೇಳಿದರೆ ಇದು ಶುದ್ಧ ಒಪ್ಪಿಗೆ. ತಂಗಿಯನ್ನು ಹಬ್ಬಕ್ಕೆ ಕರೆಯುವುದು ಬಿಡುವುದು ಅಣ್ಣನ ಇಷ್ಟ. ಆ ಇಷ್ಟವನ್ನು ಹಿಂತೆಗೆದುಕೊಳ್ಳುವುದು ಬಲಪ್ರಯೋಗ ಹೇಗಾದೀತು?

ಮುಫ್ತಿ ಮುಹಮ್ಮದ್ ಶಫೀಅ್‌ರು ತಮ್ಮ ಉರ್ದು ತಫ್ಸೀರ್ ‘ಮಆರಿಫುಲ್ ಕುರ್‌ಆನ್’ನಲ್ಲಿ ಈ ವಿಷಯವನ್ನು ಎತ್ತಿದ್ದಾರೆ. ಹೇಗೂ ಸಿಗುವುದಿಲ್ಲ, ಅಣ್ಣತಮ್ಮಂದಿರ ಮನಸ್ಸೇಕೆ ಕೆಡಿಸಲಿ ಎಂದು ಸಂಕೋಚದಿಂದ ಬಿಟ್ಟುಕೊಡುವ ಸಹೋದರಿಯ ಬಿಡುಗಡೆ ಧರ್ಮದ ದೃಷ್ಟಿಯಲ್ಲಿ ಬಿಡುಗಡೆಯೇ ಅಲ್ಲ, ಅವಳ ಪಾಲು ಸಹೋದರರ ಮೇಲೆ ಬಾಕಿಯಾಗಿಯೇ ಉಳಿಯುತ್ತದೆ ಎಂಬುದು ಅವರ ನಿಲುವು. ಫಿಕ್ಹ್‌ನಲ್ಲಿ ‘ತೀಬೆ ನಫ್ಸ್’ ಎಂಬ ಮಾತಿದೆ, ಅಂದರೆ ಮನಸ್ಸಿನ ಸಂತೋಷ. ಸಹಿಯ ಒಪ್ಪಿಗೆಗೂ ಇದಕ್ಕೂ ದೂರವಿದೆ. ಸಬ್ ರಿಜಿಸ್ಟ್ರಾರರು ಮನಸ್ಸನ್ನು ನೋಡಲಾರರು, ನಿಜ. ಆದರೆ ಅಣ್ಣನಿಗೆ ಅದು ಕಾಣುವುದಿಲ್ಲವೇ? ಪರೀಕ್ಷಿಸುವ ಉಪಾಯ ಕಷ್ಟದ್ದಲ್ಲ. 1 ಎಕರೆ 16 ಗುಂಟೆಯನ್ನು ಮೊದಲು ಅಳೆದು ಆಪಾರ ಹೆಸರಿಗೆ ಖಾತೆ ಮಾಡಿಸಿ. ಎರಡು ಕೊಯ್ಲಿನ ಹಣ ಅವರ ಕೈಗೆ ಹೋಗಲಿ. ಆಮೇಲೂ ಅವರು ನಗುತ್ತ ಹಿಂತಿರುಗಿಸಿದರೆ ಅದು ನಿಮ್ಮದು. ಹೀಗೆ ಮಾಡಲು ಹಿಂಜರಿಕೆಯಾದರೆ, ಅವರು ಹಿಂತಿರುಗಿಸಲಾರರೆಂದು ನಿಮಗೆ ಮೊದಲೇ ಗೊತ್ತಿದೆ ಎಂದೇ ಅರ್ಥ.

ಈಗ ಆ ತಂದೆಯ ಕಡೆಗೆ ಹಿಂತಿರುಗಿ. ಅವನು ಮುದುಕನಾಗಿದ್ದಾನೆ. ತೋಟ ಗಂಡುಮಕ್ಕಳ ಹೆಸರಿಗೆ ಹೋಗಿ ಹತ್ತು ವರ್ಷ. ಔಷಧಿಗೆ ಹಣ ಕೇಳಿದರೆ ಮಗ ಹೇಳುತ್ತಾನೆ: “ಕೊಟ್ಟ ಮೇಲೆ ಅದು ನನ್ನದು, ನನ್ನಿಷ್ಟ.” ಈ ವಾಕ್ಯವನ್ನು ಅವನು ಬೇರೆಲ್ಲಿಂದಲೂ ಕಲಿತದ್ದಲ್ಲ. ಇಂಥವರಿಗಾಗಿಯೇ 2007ರಲ್ಲಿ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಬಂತು. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬಹುದು. ಮಾಸಿಕ 10,000 ರೂಪಾಯಿ ಮೀರದಂತೆ ಜೀವನಾಂಶ ಕೊಡಿಸಬಹುದೆಂದು ಅದರಲ್ಲಿತ್ತು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ, ಹಿಂಪಡೆಯಲು 23ನೆಯ ಕಲಮು ಅವಕಾಶ ಕೊಡುತ್ತದೆ. ಆ ಷರತ್ತು ಇತ್ತೆಂದು ತೋರಿಸಲೇಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದು ಹೇಳಿ ದಾನಪತ್ರವನ್ನು ರದ್ದುಪಡಿಸಿತು. ಮಗನಿಗೆ ಕೊಟ್ಟ ಹಿಬಾವನ್ನು ತಂದೆ ಹಿಂಪಡೆಯಬಹುದೆಂದು ಶಾಫಿಈ ಪಂಡಿತರು, ಪಡೆಯಲಾಗದೆಂದು ಹನಫಿ ಪಂಡಿತರು ಹೇಳುತ್ತಾರೆ. ಆದರೆ ಬಡವರಾದ ಹೆತ್ತವರ ಖರ್ಚು ಅನುಕೂಲವಿರುವ ಮಕ್ಕಳ ಮೇಲಿದೆ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಆ ಖರ್ಚು ದಾನಪತ್ರವನ್ನು ಅವಲಂಬಿಸಿಯೂ ಇಲ್ಲ. ಏನೂ ಪಡೆಯದ ಮಗಳೇ ಕೊನೆಗೆ ತಂದೆಯನ್ನು ಮನೆಗೆ ಕರೆದೊಯ್ದು ಉಪಚರಿಸುವುದನ್ನು ನೀವೂ ಕಂಡಿರುತ್ತೀರಿ.

ಮನೆಯಿಂದ ಊರಿಗೆ ಬಂದರೂ ಪ್ರಶ್ನೆ ಅದೇ. ಅರಸಿಯ ಕೆರೆಯಿಂದ ಅರಸೀಕೆರೆ ಎಂಬ ಹೆಸರು ಬಂತೆನ್ನುತ್ತಾರೆ. ಹಳೇಬೀಡಿನ ಹಿಂದಿನ ಹೆಸರೇ ದೋರಸಮುದ್ರ, ಅದೂ ಕೆರೆಯ ಹೆಸರು. ಕೆರೆ ಯಾರೊಬ್ಬರ ಸೊತ್ತೂ ಅಲ್ಲ. ಆದರೆ ಕೊಳವೆಬಾವಿ? 1882ರ ಈಸ್‌ಮೆಂಟ್ ಕಾಯ್ದೆ ಭೂಮಿಯೊಳಗಿನ ನೀರನ್ನು ತೆಗೆಯುವ ಹಕ್ಕನ್ನು ಭೂಮಾಲಿಕನಿಗೆ ಕೊಟ್ಟಿತು. ನಾನು ಸಾವಿರ ಅಡಿ ಕೊರೆಸಿದರೆ ನೆರೆಯವನ ಮುನ್ನೂರು ಅಡಿಯ ಬಾವಿ ಬತ್ತುತ್ತದೆ. ನಾನು ಅವನ ಬೇಲಿ ದಾಟಲಿಲ್ಲ, ಕೈ ಎತ್ತಲಿಲ್ಲ. ಸತತ ಬರದ ವರ್ಷಗಳಲ್ಲಿ ಈ ಸೀಮೆಯ ತೋಟಗಳಲ್ಲಿ ಸುಳಿ ಒಣಗಿ ನಿಂತ ಮರಗಳನ್ನು ಕಂಡವರಿಗೆ, ಕೈ ಎತ್ತದೆಯೂ ಹಾನಿ ಮಾಡಬಹುದೆಂದು ವಿವರಿಸಬೇಕಾಗಿಲ್ಲ. ಬಾವಿಯ ಸುತ್ತ ಇನ್ನೊಬ್ಬರು ತೋಡಬಾರದ ‘ಹರೀಮ್’ ಎಂಬ ವಲಯವನ್ನು ಫಿಕ್ಹ್ ಪಂಡಿತರು ಗುರುತಿಸಿದ್ದು ಈ ಕಾರಣಕ್ಕೇ. (ಸರಕಾರ ನಮ್ಮ ತಂಟೆಗೆ ಬರಬಾರದು ಎನ್ನುವ ನಮ್ಮ ರೈತರು ಉಂಡೆ ಕೊಬ್ಬರಿಯ ಬೆಂಬಲ ಬೆಲೆಗೆ ಮಾತ್ರ ನಫೆಡ್ ಮುಂದೆ ಸಾಲು ನಿಲ್ಲುತ್ತಾರೆ. 2024ರ ಹಂಗಾಮಿಗೆ ಅದು ಕ್ವಿಂಟಲಿಗೆ 12,000 ರೂಪಾಯಿ ಇತ್ತು. ನಿಲ್ಲಲಿ, ನಾನು ಬೇಡವೆನ್ನುವುದಿಲ್ಲ.)

ಕೊನೆಯದು ಬಹಿಷ್ಕಾರದ ವಿಷಯ. 2022ರ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಕರಾವಳಿಯ ಜಾತ್ರೆಗಳಿಂದ ಆರಂಭಿಸಿ ರಾಜ್ಯದ ಹಲವೆಡೆ ಮುಸ್ಲಿಮ್ ವ್ಯಾಪಾರಿಗಳಿಗೆ ಜಾಗ ಕೊಡಬೇಡಿ ಎಂಬ ಫಲಕಗಳು ಎದ್ದವು. ಯುಗಾದಿಯ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಪ್ರಚಾರ ನಡೆಯಿತು. ಯಾರ ಬಳಿ ಕೊಳ್ಳಬೇಕೆಂಬುದು ನಮ್ಮಿಷ್ಟ ಎಂದರು. ಒಬ್ಬೊಬ್ಬ ಗಿರಾಕಿಯ ಇಷ್ಟವನ್ನು ನಾವೂ ಪ್ರಶ್ನಿಸಲಾರೆವು. ಆದರೆ ಸಾವಿರ ‘ನನ್ನಿಷ್ಟ’ಗಳನ್ನು ಒಟ್ಟು ಕಟ್ಟಿ ಒಬ್ಬ ಬಡ ಬಳೆ ವ್ಯಾಪಾರಿಯ ಅನ್ನದ ಮೇಲೆ ಇಟ್ಟಾಗ ಅದರ ಭಾರ ಬೇರೆಯೇ. ಅದೇ ಏಪ್ರಿಲಿನಲ್ಲಿ ಬೇಲೂರು ಚನ್ನಕೇಶವನ ರಥೋತ್ಸವಕ್ಕೆ ಮೊದಲು ಖಾಜಿಯವರು ಕುರ್‌ಆನ್ ಪಠಿಸುವ ರೂಢಿಯನ್ನು ನಿಲ್ಲಿಸಬೇಕೆಂಬ ಒತ್ತಾಯ ಬಂತು. ಮುಜರಾಯಿ ಇಲಾಖೆ ಅದನ್ನು ಮುಂದುವರಿಸಲು ತೀರ್ಮಾನಿಸಿತು, ಪಠಣ ನಡೆಯಿತು. ಪಠಿಸುವುದು ಖಾಜಿಯವರ ಹಕ್ಕೇ? ಕೇಳಿಸಿಕೊಳ್ಳುವುದು ಭಕ್ತರ ಕರಾರೇ? ಎರಡೂ ಅಲ್ಲ. ನೆರೆಹೊರೆಯ ಈ ಬಗೆಯ ಸಂಬಂಧಕ್ಕೆ ನೋಝಿಕ್‌ನ ನಿಘಂಟಿನಲ್ಲಿ ಪದವಿಲ್ಲ.

ಆದರೆ ಬಂಧುಗಳೇ, ಇದನ್ನು ಓದಿ ತಲೆದೂಗುವ ನಾವು ನಮ್ಮ ಜಮಾಅತ್‌ಗಳಲ್ಲಿ ಏನು ಮಾಡುತ್ತೇವೆ? ಸಮಿತಿಯ ಮಾತು ಮೀರಿದ ಮನೆಯ ನಿಕಾಹ್‌ಗೆ ಹೋಗಬೇಡಿ, ಅವರ ಮಯ್ಯಿತ್‌ಗೆ ಹೆಗಲು ಕೊಡಬೇಡಿ ಎಂದು ಅಲ್ಲಲ್ಲಿ ಠರಾವು ಮಾಡಿದ್ದನ್ನು ಕೇಳಿದ್ದೇವೆ. ಮುಂಬಯಿ ರಾಜ್ಯವು ಇಂಥ ಬಹಿಷ್ಕಾರವನ್ನು ನಿಷೇಧಿಸಿ 1949ರಲ್ಲಿ ಮಾಡಿದ ಕಾಯ್ದೆಯನ್ನು, ದಾವೂದಿ ಬೋಹ್ರಾ ಧರ್ಮಗುರುಗಳ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1962ರಲ್ಲಿ ಅಸಿಂಧುಗೊಳಿಸಿತು. ಆ ತೀರ್ಪನ್ನು ಮರುಪರಿಶೀಲಿಸುವ ಪ್ರಶ್ನೆಯನ್ನು 2023ರಲ್ಲಿ ವಿಸ್ತೃತ ಪೀಠಕ್ಕೆ ಒಪ್ಪಿಸಲಾಯಿತು. ನ್ಯಾಯಾಲಯ ಹೇಗೆ ತೀರ್ಪು ಕೊಟ್ಟರೂ ಮಯ್ಯಿತ್ ಕಾಯುವುದಿಲ್ಲ. ನೆರೆಯವನ ಜನಾಝಾದ ಹಿಂದೆ ನಡೆಯುವುದು ಅವನು ನಮ್ಮ ಮೇಲೆ ಹೊಂದಿರುವ ಹಕ್ಕೆಂದು ಮಕ್ಕಳಿಗೆ ಕಲಿಸುವವನು ನಾನು. ಚಂದಾ ಬಾಕಿಯಿದ್ದರೆ ಆ ಹಕ್ಕು ಹೋಗುತ್ತದೆಂದು ಯಾವ ಕಿತಾಬಿನಲ್ಲಿಯೂ ನಾನು ಓದಿಲ್ಲ.