ದೀಪ ಹಚ್ಚಿದವರಾರು?

ಮೊನ್ನೆ ಭಾನುವಾರ ಮೊಮ್ಮಗಳಿಗೆ ಸ್ವಿಚ್ಚಿನ ಪಾಠ ಹೇಳಲು ಕುಳಿತೆ. ಎರಡು ಟಾರ್ಚಿನ ಸೆಲ್ಲು, ಒಂದು ಪುಟ್ಟ ಬಲ್ಬು, ಒಂದಿಷ್ಟು ತಂತಿ. ಸ್ವಿಚ್ಚಿಗೆ ಬದಲಾಗಿ ಹಳೆಯ ಡಬ್ಬಿಯಿಂದ ಕತ್ತರಿಸಿದ ಎರಡು ತಗಡಿನ ಪಟ್ಟಿ. ಗೋಡೆಯ ಕರೆಂಟಿನ ತಂಟೆಗೆ ಹೋಗಬಾರದೆಂಬುದು ಮೊದಲ ಕರಾರು. ಹುಡುಗಿ ತಗಡನ್ನು ಒತ್ತಿದಳು, ಬಲ್ಬು ಹತ್ತಿತು. “ತಾತ, ನಾನು ಹಚ್ಚಿದೆ!” ಎಂದು ಕುಣಿದಳು.

ನಿಜವಾಗಿ ಅವಳು ಹಚ್ಚಿದಳೇ? ಶಕ್ತಿ ಸೆಲ್ಲಿನದು. ಸ್ವಿಚ್ಚು ತನ್ನದೆಂದು ಏನನ್ನೂ ಕೊಡುವುದಿಲ್ಲ. ತುಂಡಾಗಿದ್ದ ದಾರಿಯನ್ನು ಕೂಡಿಸುತ್ತದೆ, ಅಷ್ಟೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅದಕ್ಕಾಗಿ ಕಾವೇರಿ ಧುಮುಕಬೇಕಾಯಿತು, ಯಂತ್ರ ತಿರುಗಬೇಕಾಯಿತು, ಎಷ್ಟೋ ಕೈಗಳು ತಂತಿ ಎಳೆಯಬೇಕಾಯಿತು. ಕಡೆಯಲ್ಲಿ ಗುಂಡಿ ಒತ್ತಿದವನು “ಎಲ್ಲ ನನ್ನಿಂದ” ಎಂದರೆ ಯಾರು ಒಪ್ಪಿಯಾರು?

ಎರಡನೆಯ ತಗಡನ್ನೂ ಅದೇ ತಂತಿಯ ದಾರಿಯಲ್ಲಿ ಮೊದಲನೆಯದರ ಮುಂದೆ ಸೇರಿಸಿದೆ. ಎರಡನ್ನೂ ಒತ್ತಿದರೆ ಬೆಳಕು. ಯಾವುದೊಂದನ್ನು ಬಿಟ್ಟರೂ ಕತ್ತಲೆ. ಹುಡುಗಿ ನಾಲ್ಕಾರು ಸಲ ಒತ್ತಿ, ಬಿಟ್ಟು, “ಹಚ್ಚೋಕೆ ಇಬ್ಬರೂ ಬೇಕು, ಆರಿಸೋಕೆ ಒಬ್ಬರೇ ಸಾಕು, ಅಲ್ವಾ ತಾತ?” ಎಂದಳು.

ನಾನು ಹೂಂಗುಟ್ಟಲಾರದೆ ಹೋದೆ. ನೌಕರಿಯಲ್ಲಿದ್ದಾಗ ವಿಧವೆಯೊಬ್ಬರ ಪಿಂಚಣಿಯ ಕಡತ ನನ್ನ ಮೇಜಿನ ಮೇಲೆ ಆರು ತಿಂಗಳು ಕೊಳೆಯಿತು. ಹಣ ನನ್ನದಲ್ಲ, ಮಂಜೂರು ಮಾಡುವವನೂ ನಾನಲ್ಲ. ಬೇಕಾಗಿದ್ದುದು ನನ್ನದೊಂದು ರುಜು. ಆಕೆ ಮೂರು ಸಲ ಬಂದರು. ಮೂರು ಸಲವೂ ‘ಮುಂದಿನ ವಾರ ಬನ್ನಿ’ ಎಂದೆ. ‘ನಾನೇನು ಮಾಡಿದೆ?’ ಎಂದು ಆಗ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ. ಏನೂ ಮಾಡಿರಲಿಲ್ಲ, ನಿಜ. ಒತ್ತದೆ ಬಿಟ್ಟ ತಗಡೂ ಏನೂ ಮಾಡುವುದಿಲ್ಲ.

ಒಳಿತಿನಲ್ಲಿ ನಮ್ಮ ಪಾಲು ಹತ್ತು ಜನರೊಡನೆ ಹಂಚಿಕೊಂಡದ್ದು. ಅದನ್ನು ತಡೆದಾಗ ಮಾತ್ರ ಹೊಣೆ ಇಡಿಯಾಗಿ ನಮ್ಮದೇ. ಲೆಕ್ಕ ಅನ್ಯಾಯವೆನಿಸಬಹುದು. ಆದರೆ ಕತ್ತಲಲ್ಲಿ ಕುಳಿತವರಿಗೆ, ಮಿಕ್ಕ ಸ್ವಿಚ್ಚುಗಳೆಲ್ಲ ಸರಿಯಾಗಿದ್ದವೆಂದು ಹೇಳಿ ಏನು ಫಲ?

“ಒಬ್ಬರು ಒತ್ತದೇ ಇದ್ರೂ ಹತ್ತೋ ಹಾಗೆ ಮಾಡೋಕಾಗಲ್ವಾ?” ಎಂದಳು ಹುಡುಗಿ. ಆಗುತ್ತದೆ. ತಗಡುಗಳನ್ನು ಅಕ್ಕಪಕ್ಕದಲ್ಲಿ ಬೇರೆಬೇರೆ ದಾರಿಗೆ ಕೂಡಿಸಿದರೆ ಯಾವುದೊಂದನ್ನು ಒತ್ತಿದರೂ ಸಾಕು. ಮಾಡಿ ತೋರಿಸಿದೆ. ಕಚೇರಿಗಳನ್ನೂ ಹಾಗೆ ಕಟ್ಟಬಹುದು, ಕಟ್ಟಬೇಕು. ಆದರೆ ನಮ್ಮ ಕಚೇರಿಯನ್ನು ಹಾಗೆ ಕಟ್ಟಿರಲಿಲ್ಲವೆಂಬ ನೆಪ ನನಗೆ ಒದಗದು. ಆಗ ಇದ್ದದ್ದು ಒಂದೇ ದಾರಿ. ಅದು ತುಂಡಾಗಿದ್ದುದು ನನ್ನ ಮೇಜಿನ ಬಳಿ.