ತಾಯಿ ತೆಗೆದುಕೊಂಡ ಮಾತು

‘ಕೆ.ಜಿ.ಎಫ್’ ಚಿತ್ರದ ಮೊದಲ ಭಾಗ 2018ರಲ್ಲಿ, ಎರಡನೆಯದು 2022ರಲ್ಲಿ ತೆರೆಗೆ ಬಂದಾಗ ನಮ್ಮ ಆಂಡರ್ಸನ್‌ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಸೈನೈಡ್ ಗುಡ್ಡದ ಮೇಲಿನ ಸೆಟ್ಟು, ಯಶ್ ಅವರ ಹೊಡೆದಾಟ. “ಇದೇನೂ ನಮ್ಮೂರಿನ ಚರಿತ್ರೆಯಲ್ಲ” ಎಂದು ಮೂಗು ಮುರಿದವರೂ ಉಂಟು. ಅದು ನಿಜವೇ. ಚಿತ್ರದಲ್ಲಿ ಚಿನ್ನ ಸಿಗುವುದು 1951ರಲ್ಲಿ. ಇಲ್ಲಿ ಜಾನ್ ಟೇಲರ್ ಕಂಪನಿಯವರು 1880ರ ದಶಕದಲ್ಲೇ ಗಣಿಗೆ ಇಳಿದಿದ್ದರು. ಆದರೆ ಗದ್ದಲವೆಲ್ಲ ಅಡಗಿದ ಮೇಲೆ ನೋಡಿದರೆ, ಪ್ರಶಾಂತ್ ನೀಲ್ ಅವರ ಈ ಚಿತ್ರದ ಜೀವ ಇರುವುದು ಗಣಿಯಲ್ಲಲ್ಲ, ಸಾಯುತ್ತಿರುವ ಒಬ್ಬ ತಾಯಿಯ ಮಾತಿನಲ್ಲಿ ಎನಿಸುತ್ತದೆ.

ರಾಕಿ ನೂರು ಜನರನ್ನು ಒಬ್ಬನೇ ಬಡಿಯುವ ಅತಿಮಾನುಷ ನಾಯಕ. ಅವನ ಬಲಕ್ಕೆ ದೇವರ ವರ ಕಾರಣವಲ್ಲ. ಹೇಗಾದರೂ ಬದುಕು, ಸಾಯುವಾಗ ಮಾತ್ರ ಸಿರಿವಂತನಾಗಿ ಸಾಯಬೇಕು ಎಂದು ಹತ್ತು ವರ್ಷದವನ ಕೈಯಲ್ಲಿ ತಾಯಿ ಭಾಷೆ ತೆಗೆದುಕೊಂಡಿದ್ದಾಳೆ. ಮಕ್ಕಳ ಮೇಲೆ ಇಂಥ ಭಾಷೆ ಹೊರಿಸುವ ಹಕ್ಕು ತಾಯಿಗೆ ಉಂಟೆ?

ಆಕೆಯನ್ನು ದೂರುವುದು ಸುಲಭ. ಔಷಧಕ್ಕೂ ಕಾಸಿಲ್ಲದೆ ಕಣ್ಣು ಮುಚ್ಚುವವಳಿಗೆ ಮಗನಿಗೆ ಬಿಟ್ಟುಹೋಗಲು ಮಾತಿನ ಹೊರತು ಬೇರೆ ಏನಿತ್ತು? ಬಡತನ ಕಂಡ ತಾಯಿ ಮಗ ಉಳ್ಳವನಾಗಲಿ ಎಂದು ಬಯಸಿದರೆ ತಪ್ಪೇನು?

ಮಗನ ಗತಿಯನ್ನೂ ನೋಡಬೇಕಲ್ಲ. ಎರಡನೇ ಭಾಗದಲ್ಲಿ, ತಾಯಿಯಾಗಲಿದ್ದ ರೀನಾ ಗುಂಡಿಗೆ ಬಲಿಯಾಗುತ್ತಾಳೆ. ರಾಕಿ ಚಿನ್ನದೊಂದಿಗೆ ಕಡಲಿಗೆ ಮುಳುಗುತ್ತಾನೆ. ಕೊಟ್ಟ ಮಾತೇನೋ ನಡೆಯಿತು. “ಇಷ್ಟು ಸಾಕೇನಮ್ಮ?” ಎಂದು ಕೇಳಲು ಮಾತ್ರ ಅವನಿಗೆ ಯಾರೂ ಇರಲಿಲ್ಲ. ಬದುಕಿರುವ ತಾಯಿ ತನ್ನ ಮಾತನ್ನು ಸಡಿಲಿಸಬಲ್ಲಳು, ಸತ್ತವಳ ಮಾತು ಹಾಗೆಯೇ ನಿಂತುಬಿಡುತ್ತದೆ.

ನಮ್ಮ ಊರಿನ ತಾಯಂದಿರೂ ಮಕ್ಕಳಿಗೆ ಮಾತು ಹೇಳಿದವರೇ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ, ತಮಿಳಿನಲ್ಲೋ ತೆಲುಗಿನಲ್ಲೋ ಕನ್ನಡದಲ್ಲೋ “ನೀನಾದರೂ ಓದಿ ಮೇಲೆ ಬಾ” ಎಂದರು. ಕತ್ತಲಲ್ಲೇ ಎದ್ದು ಬುತ್ತಿ ಕಟ್ಟಿ, ಬೆಂಗಳೂರಿನ ರೈಲಿಗೆ ಮಕ್ಕಳನ್ನು ಕಳಿಸಿದರು. ಅದೂ ಭಾರವೇ. ಆದರೆ ಮಗ ಪರೀಕ್ಷೆಯಲ್ಲಿ ನಪಾಸಾಗಿ ಬಂದ ಸಂಜೆ, “ಹೋಗಲಿ ಬಿಡು, ಕೈಕಾಲು ತೊಳೆದು ಊಟ ಮಾಡು” ಎಂದವರೂ ಅವರೇ.

ಆಸೆ ಇಟ್ಟುಕೊಳ್ಳದ ತಾಯಿ ಇಲ್ಲ. ಇಟ್ಟ ಆಸೆಯನ್ನು ಮಗುವಿನ ಮುಖ ನೋಡಿ ಆಗಾಗ ಇಳಿಸಿಕೊಳ್ಳುವುದೂ ತಾಯ್ತನವೇ. ರಾಕಿಗೆ ದಕ್ಕದೆ ಹೋದದ್ದು ಇದೊಂದೇ.